ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚುವುದೇ? ಸೈಲೆನ್ಸರ್ ಬದಲಾವಣೆಯ ಒಳಲೆಕ್ಕ

ಆಗಾಗ ರಾಜ್ಯದ ಯಾವುದಾದರೊಂದು ಊರಿನಿಂದ ಒಂದೇ ಬಗೆಯ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿರುತ್ತಾರೆ, ಅವುಗಳ ಮೇಲೆ ರೋಡ್ ರೋಲರ್ ಹರಿಯುತ್ತಿರುತ್ತದೆ. ಅವುಗಳಲ್ಲಿ ಹೆಚ್ಚಿನವು ಬೈಕ್‌ಗಳವು. ಆದರೆ ಈಚಿನ ವರ್ಷಗಳಲ್ಲಿ ಕಾರುಗಳೂ ಈ ಸುದ್ದಿಗೆ ಸೇರಿಕೊಂಡಿವೆ. ರಾತ್ರಿ ಹೊತ್ತು ಪಟಾಕಿಯಂತೆ ಸಿಡಿಯುವ, ಹೊಗೆ ಕೊಳವೆಯಿಂದ ಬೆಂಕಿ ಉಗುಳುವ ಕಾರುಗಳ ವಿಡಿಯೊಗಳು ಹರಿದಾಡುತ್ತವೆ, ಅವುಗಳ ಹಿಂದೆಯೇ ದಂಡದ ಸುದ್ದಿಯೂ ಬರುತ್ತದೆ.

ಓದುಗರಿಗೆ ಗೊಂದಲವಾಗುವುದು ಇಲ್ಲಿಯೇ. ಪೊಲೀಸರು ಪುಡಿ ಮಾಡುವ ಅದೇ ವಸ್ತು ಅಂಗಡಿಯಲ್ಲಿ ರಾಜಾರೋಷವಾಗಿ ಬಿಲ್ ಸಹಿತ ಸಿಗುತ್ತದೆ. ಅದನ್ನು ಹಾಕಿಸಿದವರು ‘ಪಿಕಪ್ ಹೆಚ್ಚಾಯಿತು’ ಎನ್ನುತ್ತಾರೆ. ಪಕ್ಕದ ಗ್ಯಾರೇಜಿನವರು ‘ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕು, ಹಾಕಿಸಬೇಡಿ’ ಎಂದು ಎಚ್ಚರಿಸುತ್ತಾರೆ. ಬ್ಯಾಕ್ ಪ್ರೆಶರ್ ಎಂದರೆ ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ. ಹೀಗಿರುವಾಗ ನಿಜವೇನು? ಶಕ್ತಿ ಹೆಚ್ಚುತ್ತದೆಯೇ, ಇಲ್ಲವೇ? ಹೆಚ್ಚಿದರೆ ಎಷ್ಟು, ಯಾವಾಗ, ಯಾರ ಖರ್ಚಿನಲ್ಲಿ?

ಎಂಜಿನ್ ಉಸಿರು ಬಿಡುವ ಬಗೆ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರ್ ನಾಲ್ಕು ಹೆಜ್ಜೆಗಳಲ್ಲಿ ಕೆಲಸ ಮಾಡುತ್ತದೆ: ಗಾಳಿ–ಇಂಧನ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಸುಟ್ಟ ಅನಿಲವನ್ನು ಹೊರದಬ್ಬುವುದು. ಕೊನೆಯ ಹೆಜ್ಜೆಯಲ್ಲಿ ಪಿಸ್ಟನ್ ಮೇಲಕ್ಕೆ ಹೋಗುತ್ತಾ ಅನಿಲವನ್ನು ತಳ್ಳಬೇಕು. ಎದುರಿನಿಂದ ಒತ್ತಡವಿದ್ದರೆ ತಳ್ಳುವ ಶ್ರಮ ಹೆಚ್ಚು, ಆ ಶ್ರಮ ಎಂಜಿನ್ನಿನ ಗಳಿಕೆಯಿಂದಲೇ ಕಳೆಯುತ್ತದೆ. ಅಷ್ಟೇ ಅಲ್ಲ, ಪೂರ್ತಿ ಹೊರಹೋಗದೆ ಉಳಿದ ಸುಟ್ಟ ಅನಿಲವು ಮುಂದಿನ ಸುತ್ತಿನ ಹೊಸ ಗಾಳಿಯ ಜಾಗವನ್ನು ತಿನ್ನುತ್ತದೆ. ಆದ್ದರಿಂದ ‘ಹೊಗೆ ಸಲೀಸಾಗಿ ಹೊರಹೋದರೆ ಶಕ್ತಿ ಹೆಚ್ಚುತ್ತದೆ’ ಎಂಬ ಮಾತು ತತ್ತ್ವದಲ್ಲಿ ಸರಿಯೇ.

ಆ ಅನಿಲ ಸಾಗುವ ದಾರಿಯನ್ನು ನೋಡಿ. ಮೊದಲು ಎಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡ್, ಅದರ ಬೆನ್ನಿಗೇ ಆಮ್ಲಜನಕ ಸಂವೇದಕ, ಬಳಿಕ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್, ಅದರಾಚೆ ಇನ್ನೊಂದು ಸಂವೇದಕ, ಮುಂದೆ ಉದ್ದನೆಯ ಕೊಳವೆ, ಸದ್ದು ತಗ್ಗಿಸುವ ರೆಸೊನೇಟರ್, ಕಟ್ಟಕಡೆಗೆ ಹಿಂಬದಿಯ ಮಫ್ಲರ್. ನಾವು ಸಾಮಾನ್ಯವಾಗಿ ಸೈಲೆನ್ಸರ್ ಎನ್ನುವುದು ಈ ಕೊನೆಯ ಡಬ್ಬಿಯನ್ನು. ಬಹುತೇಕ ‘ಮಾಡಿಫಿಕೇಶನ್’ ನಡೆಯುವುದೂ ಅಲ್ಲಿಯೇ, ಏಕೆಂದರೆ ಅದು ಅಗ್ಗ, ಸುಲಭ, ಮತ್ತು ಸದ್ದು ತಕ್ಷಣ ಬದಲಾಗುತ್ತದೆ. ಆದರೆ ಶಕ್ತಿಯ ದೃಷ್ಟಿಯಿಂದ ಇಡೀ ದಾರಿಯಲ್ಲಿ ಅತಿ ಕಡಿಮೆ ವ್ಯತ್ಯಾಸ ಮಾಡುವ ಭಾಗಗಳಲ್ಲಿ ಅದೂ ಒಂದು.

ಬ್ಯಾಕ್ ಪ್ರೆಶರ್ ಎಂಬ ಅರ್ಧಸತ್ಯ

‘ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕೇ ಬೇಕು’ ಎಂಬ ಮಾತು ಮೆಕ್ಯಾನಿಕ್‌ಗಳ ಅನುಭವದಿಂದ ಹುಟ್ಟಿದೆ. ಅವರು ಕಂಡದ್ದು ನಿಜ. ದಪ್ಪ ಕೊಳವೆ ಹಾಕಿದ ಸಣ್ಣ ಎಂಜಿನ್ ಕಡಿಮೆ ವೇಗದಲ್ಲಿ ಸೋಮಾರಿಯಾಗುತ್ತದೆ. ಆದರೆ ಅವರು ಕೊಟ್ಟುಕೊಂಡ ಕಾರಣ ತಪ್ಪು. ಎದುರು ಒತ್ತಡದಿಂದ ಎಂಜಿನ್ನಿಗೆ ಯಾವ ಲಾಭವೂ ಇಲ್ಲ. ಎಂಜಿನ್ನಿಗೆ ಬೇಕಾದದ್ದು ಅನಿಲದ ವೇಗ.

ಸುಟ್ಟ ಅನಿಲ ಕೊಳವೆಯಲ್ಲಿ ಒಂದೇ ಸಮನೆ ಹರಿಯುವುದಿಲ್ಲ, ಮಿಡಿತಗಳಾಗಿ ಹರಿಯುತ್ತದೆ. ಒಂದು ಮಿಡಿತ ರಭಸವಾಗಿ ಮುಂದಕ್ಕೆ ಹೋದಾಗ ತನ್ನ ಬೆನ್ನ ಹಿಂದೆ ಕಡಿಮೆ ಒತ್ತಡದ ಜಾಗವನ್ನು ಬಿಟ್ಟುಹೋಗುತ್ತದೆ, ಅದು ಮುಂದಿನ ಮಿಡಿತವನ್ನು ಎಳೆದುಕೊಳ್ಳುತ್ತದೆ. ಕೊಳವೆ ಅಗತ್ಯಕ್ಕಿಂತ ಅಗಲವಾದರೆ ಅದೇ ಪ್ರಮಾಣದ ಅನಿಲ ನಿಧಾನವಾಗಿ ಸಾಗುತ್ತದೆ. ಕಿರಿದಾದ ಕಾಲುವೆಯಲ್ಲಿ ರಭಸದಿಂದ ಹರಿದ ನೀರು ಕೆರೆಗೆ ಬಿದ್ದೊಡನೆ ನಿಂತಂತಾಗುವುದಿಲ್ಲವೇ, ಹಾಗೆ. ಎಳೆತ ಸಡಿಲಾಗುತ್ತದೆ, ಸಿಲಿಂಡರ್‌ನಲ್ಲಿ ಹಳೆಯ ಅನಿಲ ಉಳಿಯುತ್ತದೆ, ಪಿಕಪ್ ಕುಸಿಯುತ್ತದೆ.

ಇದರ ಜೊತೆಗೆ ಒತ್ತಡದ ಅಲೆಗಳ ಆಟವೂ ಇದೆ. ಮಿಡಿತದ ಅಲೆಯು ಕೊಳವೆ ಅಗಲವಾಗುವ ಅಥವಾ ಇನ್ನೊಂದನ್ನು ಕೂಡುವ ಜಾಗ ಮುಟ್ಟಿದಾಗ ತಿರುಗಿ ಬರುತ್ತದೆ. ಬರುವಾಗ ಕಡಿಮೆ ಒತ್ತಡದ ಅಲೆಯಾಗಿ ಬರುತ್ತದೆ. ಒಳಬರುವ ಮತ್ತು ಹೊರಹೋಗುವ ಕವಾಟಗಳೆರಡೂ ಅರೆತೆರೆದಿರುವ ಆ ಒಂದು ಕ್ಷಣಕ್ಕೆ ಸರಿಯಾಗಿ ಅದು ಬಂದು ತಲುಪಿದರೆ, ಸಿಲಿಂಡರನ್ನು ಗುಡಿಸಿ ಹೊಸ ಗಾಳಿಯನ್ನೂ ಒಳಗೆಳೆಯುತ್ತದೆ. ಹೆಡರ್ಸ್ ಎಂದು ಮಾರುವ ಸಮಾನ ಉದ್ದದ ಕೊಳವೆಗಳ ಗುಟ್ಟು ಇದು. ಆದರೆ ಅಲೆ ಹೋಗಿ ಬರುವ ಸಮಯ ಹೆಚ್ಚುಕಡಿಮೆ ಸ್ಥಿರ, ಎಂಜಿನ್ನಿನ ವೇಗ ಮಾತ್ರ ಬದಲಾಗುತ್ತಲೇ ಇರುತ್ತದೆ. 6000 ಆರ್‌ಪಿಎಮ್‌ನಲ್ಲಿ, ಎಂದರೆ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಒಂದು ಸುತ್ತಿಗೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. 2500ರಲ್ಲಿ ಅದರ ಸುಮಾರು ಎರಡೂವರೆ ಪಟ್ಟು ಸಮಯ ಬೇಕು. ಒಂದು ವೇಗಕ್ಕೆ ಹೊಂದಿಸಿದ ಕೊಳವೆ ಇನ್ನೊಂದರಲ್ಲಿ ತಾಳ ತಪ್ಪುತ್ತದೆ. ರೇಸ್ ಕಾರು ಸದಾ ಹೆಚ್ಚಿನ ಆರ್‌ಪಿಎಮ್‌ನಲ್ಲಿ ಓಡುವುದರಿಂದ ಅದಕ್ಕೆ ಇದು ಒಗ್ಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಮತ್ತು ಎರಡನೇ ಗೇರಿನ ನಡುವೆ ದಿನ ಕಳೆಯುವ ಕಾರಿಗೆ ಒಗ್ಗುವುದಿಲ್ಲ.

ಅಂಕಿಗಳು ಏನು ಹೇಳುತ್ತವೆ

1.2 ಲೀಟರ್‌ನ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳೋಣ. ಅದರ ಗರಿಷ್ಠ ಶಕ್ತಿ ಸುಮಾರು 65 ಕಿಲೋವಾಟ್, ಅಂದರೆ 87 ಎಚ್‌ಪಿ ಎಂದಿಟ್ಟುಕೊಳ್ಳಿ. 6000 ಆರ್‌ಪಿಎಮ್‌ನಲ್ಲಿ ಅದು ಎರಡು ಸುತ್ತಿಗೊಮ್ಮೆಯಂತೆ ಸೆಕೆಂಡಿಗೆ 50 ಬಾರಿ ತನ್ನ 1.2 ಲೀಟರ್ ಜಾಗವನ್ನು ಖಾಲಿ ಮಾಡುತ್ತದೆ, ಎಂದರೆ 60 ಲೀಟರ್. ಹೊಸ ಸೈಲೆನ್ಸರ್ ಎದುರು ಒತ್ತಡವನ್ನು 10 ಕಿಲೋ ಪ್ಯಾಸ್ಕಲ್‌ನಷ್ಟು, ಎಂದರೆ ವಾತಾವರಣದ ಒತ್ತಡದ ಸುಮಾರು ಹತ್ತನೇ ಒಂದರಷ್ಟು, ಇಳಿಸಿತು ಎಂದು ಉದಾರವಾಗಿ ಒಪ್ಪಿಕೊಳ್ಳೋಣ. ಒತ್ತಡವನ್ನು ಪ್ರಮಾಣದಿಂದ ಗುಣಿಸಿದರೆ ಪಿಸ್ಟನ್‌ಗೆ ಉಳಿಯುವ ಶ್ರಮ ಸಿಗುತ್ತದೆ: 600 ವಾಟ್, ಎಂದರೆ ಮುಕ್ಕಾಲು ಎಚ್‌ಪಿಗಿಂತ ತುಸು ಹೆಚ್ಚು. ಸಿಲಿಂಡರ್ ಹೆಚ್ಚು ಸ್ವಚ್ಛವಾಗುವುದರಿಂದ ಬರುವ ಲಾಭವನ್ನು ಧಾರಾಳವಾಗಿ ಸೇರಿಸಿದರೂ ಒಟ್ಟು ಗಳಿಕೆ ಎರಡು–ಮೂರು ಶೇಕಡಾ ದಾಟುವುದು ಕಷ್ಟ.

ಇದು 6000 ಆರ್‌ಪಿಎಮ್‌ನಲ್ಲಿ, ಆಕ್ಸಿಲರೇಟರನ್ನು ಪೂರ್ತಿ ತುಳಿದಾಗಿನ ಮಾತು. ಕೊಳವೆಯ ತಡೆ ಹರಿವಿನ ವರ್ಗದಂತೆ ಏರಿಳಿಯುತ್ತದೆ. ಹರಿವೂ ವೇಗದೊಂದಿಗೆ ಏರಿಳಿಯುವುದರಿಂದ ನಷ್ಟವಾಗುವ ಶಕ್ತಿ ವೇಗದ ಘನದಂತೆ ಬದಲಾಗುತ್ತದೆ. ಹಾಗಾಗಿ 2500 ಆರ್‌ಪಿಎಮ್‌ಗೆ ಇಳಿದರೆ ಆ 600 ವಾಟ್ ಸುಮಾರು 43 ವಾಟ್ ಆಗುತ್ತದೆ. ಹಳೆಯ ಸೀಲಿಂಗ್ ಫ್ಯಾನ್ ಎಳೆಯುವ ವಿದ್ಯುತ್ತೂ ಇದಕ್ಕಿಂತ ಹೆಚ್ಚು. ಅರೆ ತುಳಿದ ಆಕ್ಸಿಲರೇಟರ್‌ನಲ್ಲಿ ಅನಿಲವೇ ಕಡಿಮೆ ಇರುವುದರಿಂದ ಅದು ಇನ್ನೂ ಸಣ್ಣದಾಗುತ್ತದೆ. ಫ್ರೀ ಫ್ಲೋ ಎಂದು ಕರೆಯುವ, ಹೊಗೆಗೆ ತಡೆ ಕಡಿಮೆ ಇರುವ ಸೈಲೆನ್ಸರ್ ಕೊಡುವುದಾಗಿ ಹೇಳುವ ಲಾಭ ಇರುವುದು ಊರಿನೊಳಗೆ ಯಾರೂ ಕಾರು ಓಡಿಸದ ವೇಗದಲ್ಲಿ. ಓಡಿಸುವ ವೇಗದಲ್ಲಿ ಅದು ಸೊನ್ನೆಗೆ ಸಮ, ಕೊಳವೆ ತೀರಾ ಅಗಲವಾಗಿದ್ದರೆ ಸೊನ್ನೆಗಿಂತಲೂ ಕೆಳಗೆ.

‘ಡೈನೋ (ಶಕ್ತಿ ಅಳೆಯುವ) ಯಂತ್ರದ ಮೇಲೆ ಮೂರು ಎಚ್‌ಪಿ ಹೆಚ್ಚು ಬಂತು’ ಎಂಬ ವಾದವನ್ನು ಎಚ್ಚರದಿಂದ ನೋಡಬೇಕಾಗುತ್ತದೆ. ಗಾಳಿಯ ಉಷ್ಣಾಂಶ 10 ಡಿಗ್ರಿ ಬದಲಾದರೆ ಅದರ ಸಾಂದ್ರತೆಯೇ ಸುಮಾರು 3 ಶೇಕಡಾ ಬದಲಾಗುತ್ತದೆ. ಮಧ್ಯಾಹ್ನ ಹಳೆಯ ಸೈಲೆನ್ಸರ್, ಸಂಜೆ ತಂಪಿನಲ್ಲಿ ಹೊಸದು ಎಂದು ಅಳೆದರೆ, ಆ ಮೂರು ಎಚ್‌ಪಿ ಸೈಲೆನ್ಸರಿನದೋ ಸಂಜೆಯದೋ ಹೇಳಲಾಗುವುದಿಲ್ಲ.

ಹಾಗಾದರೆ ಹಾಕಿಸಿದವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರಿಗೆ ಹಾಗೆಯೇ ಅನಿಸುತ್ತದೆ. ವೇಗವನ್ನು ನಾವು ಕಣ್ಣಿನಷ್ಟೇ ಕಿವಿಯಿಂದಲೂ ಅಳೆಯುತ್ತೇವೆ. ಗುಡುಗು ಹೆಚ್ಚಿದರೆ ಓಟವೂ ಹೆಚ್ಚಿತೆಂದು ಮನಸ್ಸು ನಂಬುತ್ತದೆ. ಅದರ ಜೊತೆ ಅರಿಯದೆಯೇ ಕಾಲು ಕೂಡ ಸ್ವಲ್ಪ ಹೆಚ್ಚು ತುಳಿಯುತ್ತದೆ.

ಟೂ ಸ್ಟ್ರೋಕ್ ಕಾಲ ಬಿಟ್ಟುಹೋದ ನಂಬಿಕೆ

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಲು ಒಂದು ಚಾರಿತ್ರಿಕ ಕಾರಣವೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಆ ಬಳಿಕ ಬಂದ ಯಮಹಾ ಆರ್‌ಎಕ್ಸ್ 100 ನಮ್ಮ ರಸ್ತೆಗಳನ್ನು ಆಳಿದ ದಶಕಗಳಲ್ಲಿ ಸೈಲೆನ್ಸರ್ ನಿಜವಾಗಿಯೂ ಎಂಜಿನ್ನಿನ ಅಂಗವಾಗಿತ್ತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ದ್ವಾರದಿಂದಲೇ ಹೊಸ ಇಂಧನವೂ ಸೋರಿಹೋಗುತ್ತದೆ. ಅದನ್ನು ಅಲೆಯ ಬಲದಿಂದ ಮರಳಿ ಒಳದಬ್ಬುವ ಹೊಟ್ಟೆಯುಬ್ಬಿದ ಕೊಳವೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಪಳಗಿಸಿದರು. ಆ ತಂತ್ರ ಎಷ್ಟು ಬೆಲೆಬಾಳುತ್ತಿತ್ತೆಂದರೆ, 1961ರಲ್ಲಿ ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ವೇಳೆ ದೇಶ ಬಿಟ್ಟು ಓಡಿ, ಆ ಜ್ಞಾನವನ್ನು ಜಪಾನಿನ ಸುಜುಕಿಗೆ ಒಯ್ದರು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ಬಂತು.

ಹಾಗೆ ಟೂ ಸ್ಟ್ರೋಕ್ ವಾಹನದಲ್ಲಿ ಸೈಲೆನ್ಸರ್ ಬದಲಿಸಿದರೆ ಸ್ವಭಾವವೇ ಬದಲಾಗುತ್ತಿತ್ತು. ಆ ಅನುಭವವನ್ನು ಇಂದಿನ ಫೋರ್ ಸ್ಟ್ರೋಕ್ ಕಾರಿಗೆ ಹಾಗೆಯೇ ಅಂಟಿಸಿಕೊಂಡಿದ್ದೇವೆ. ಇಲ್ಲಿ ಕವಾಟಗಳೇ ದ್ವಾರ ಕಾಯುತ್ತವೆ, ಕೊನೆಯ ಡಬ್ಬಿಗೆ ಆ ಅಧಿಕಾರವಿಲ್ಲ.

ಟರ್ಬೊ ಕಾರಿನ ಕತೆ ಬೇರೆ

ಫ್ರೀ ಫ್ಲೋ ಪರವಾಗಿ ನ್ಯಾಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಟರ್ಬೊ ಎಂಜಿನ್ನಿನಲ್ಲಿ ಹೊಗೆಯೇ ಒಂದು ಸಣ್ಣ ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿಸುತ್ತದೆ. ಹೊಗೆ ಚಕ್ರವನ್ನು ಸೇರುವ ಕಡೆ ಒತ್ತಡ ಹೆಚ್ಚು, ದಾಟಿ ಹೋಗುವ ಕಡೆ ಕಡಿಮೆ ಇದ್ದಷ್ಟೂ ಅದು ಚುರುಕಾಗಿ ತಿರುಗುತ್ತದೆ. ಹಾಗಾಗಿ ಟರ್ಬೊದಿಂದ ಹೊರಬರುವ ಡೌನ್‌ಪೈಪನ್ನು ಸಲೀಸು ಮಾಡಿದರೆ ಬೂಸ್ಟ್, ಎಂದರೆ ತುಂಬುವ ಗಾಳಿಯ ಒತ್ತಡ, ಬೇಗ ಏರುತ್ತದೆ, ಗಳಿಕೆ ಕಣ್ಣಿಗೆ ಕಾಣುವಷ್ಟಿರುತ್ತದೆ.

ಆದರೆ ಆಧುನಿಕ ಟರ್ಬೊ ಕಾರಿನಲ್ಲಿ ಎಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಗಣಕ. ಅದಕ್ಕೊಂದು ಗುರಿ ಬರೆದಿಟ್ಟಿರುತ್ತಾರೆ. ಕೊಳವೆ ಸಲೀಸಾದರೆ ಅದು ವೇಸ್ಟ್‌ಗೇಟ್ ಎಂಬ ಹೊಗೆಯ ಪಕ್ಕದಾರಿ ತೆರೆದು ಬೂಸ್ಟನ್ನು ಹಳೆಯ ಗುರಿಗೇ ತಂದು ನಿಲ್ಲಿಸುತ್ತದೆ. ನಿಜವಾದ ಗಳಿಕೆ ಬೇಕಾದರೆ ಆ ಗುರಿಯನ್ನೇ ತಿದ್ದಬೇಕು, ಅಂದರೆ ರೀಮ್ಯಾಪ್ ಮಾಡಬೇಕು. ಆಗ ಗೇರ್‌ಬಾಕ್ಸ್, ಕ್ಲಚ್, ಟರ್ಬೊ ಎಲ್ಲವೂ ತಾವು ಲೆಕ್ಕ ಹಾಕಿಸಿಕೊಳ್ಳದ ಹೊರೆಯನ್ನು ಹೊರುತ್ತವೆ. ಡೌನ್‌ಪೈಪ್ ಸಲೀಸು ಮಾಡುವುದೆಂದರೆ ಬಹಳ ಸಲ ಅದರೊಳಗಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು ಹಾಕುವುದು ಎಂದೇ ಅರ್ಥ. ಇಡೀ ಚರ್ಚೆಯಲ್ಲಿ ಅತಿ ಗಂಭೀರವಾದ ವಿಷಯ ಇದೇ.

ಕಿತ್ತು ಹಾಕುವುದು ಏನನ್ನು?

ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಜೇನುಗೂಡಿನಂತಹ ಪಿಂಗಾಣಿ ರಚನೆ ಇದೆ. ಅದರ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪವಿರುತ್ತದೆ. ಕಾರ್ಬನ್ ಮೊನಾಕ್ಸೈಡ್, ಉರಿಯದ ಇಂಧನ, ನೈಟ್ರೋಜನ್ ಆಕ್ಸೈಡ್‌ಗಳು ಅದರ ಮೂಲಕ ಹಾದು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕವಾಗಿ ಹೊರಬರುತ್ತವೆ. ಕಾದ ಸ್ಥಿತಿಯಲ್ಲಿ ಅದು ಈ ವಿಷಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಇಲ್ಲವಾಗಿಸುತ್ತದೆ. ಅದಿಲ್ಲದ ಒಂದು ಕಾರು ರಸ್ತೆಗಿಳಿದರೆ ಹತ್ತು ಕಾರುಗಳ ವಿಷ ಸೇರಿದಂತೆಯೇ. ಆ ಗಾಳಿಯನ್ನು ಕುಡಿಯುವವರು ಸಿಗ್ನಲ್‌ನಲ್ಲಿ ಹೂ ಮಾರುವವರು, ಬಸ್ ನಿಲ್ದಾಣದಲ್ಲಿ ನಿಂತ ಮಕ್ಕಳು, ಟ್ರಾಫಿಕ್ ಪೇದೆ. ಕಾರಿನೊಳಗೆ ಗಾಜು ಏರಿಸಿ ಕುಳಿತವರಿಗಿಂತ ಮೊದಲು ಅವರು.

ಈ ಸಾಧನ ಕೆಲಸ ಮಾಡಲು ಗಾಳಿ ಮತ್ತು ಪೆಟ್ರೋಲ್ ಸುಮಾರು 14.7ಕ್ಕೆ 1ರ ಅನುಪಾತದಲ್ಲಿ ಉರಿಯಬೇಕು. ಮೊದಲ ಆಮ್ಲಜನಕ ಸಂವೇದಕ ಇರುವುದು ಇದಕ್ಕಾಗಿ. ಅದು ಹೊಗೆಯನ್ನು ಮೂಸಿ ಹೇಳುತ್ತದೆ, ಇಸಿಯು ಇಂಧನವನ್ನು ತಿದ್ದುತ್ತದೆ. ಅಡ್ಡಾದಿಡ್ಡಿ ಬೆಸುಗೆಯಿಂದ ಈ ಸಂವೇದಕದ ಹತ್ತಿರ ಸಣ್ಣ ಬಿರುಕು ಬಿಟ್ಟರೂ ಸಾಕು, ಮಿಡಿತಗಳ ನಡುವಿನ ಕಡಿಮೆ ಒತ್ತಡದಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆ, ಇಂಧನ ಸಾಲುತ್ತಿಲ್ಲ ಎಂದು ಇಸಿಯು ತಪ್ಪಾಗಿ ತಿಳಿದು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ‘ಸೈಲೆನ್ಸರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು’ ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಈ ಸಣ್ಣ ಬಿರುಕೇ.

ಎರಡನೇ ಸಂವೇದಕ ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾಯುವ ಕಾವಲುಗಾರ. ಕನ್ವರ್ಟರ್ ಕಿತ್ತರೆ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ದೀಪ ಆರಿಸಲು ಸಂವೇದಕವನ್ನು ಹೊಗೆಯಿಂದ ದೂರ ಸರಿಸುವ, ಸಾಫ್ಟ್‌ವೇರ್‌ನಲ್ಲೇ ಬಾಯಿ ಮುಚ್ಚಿಸುವ ಉಪಾಯಗಳಿವೆ. ಆಗ ನಾಳೆ ಎಂಜಿನ್ನಿನಲ್ಲಿ ನಿಜವಾದ ದೋಷ ಬಂದರೂ ಎಚ್ಚರಿಸುವವರು ಒಬ್ಬರು ಕಡಿಮೆ.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಹಳೆಯ ಕಾರು ನಿಜವಾಗಿಯೂ ಉಸಿರುಗಟ್ಟಿದಂತೆ ಓಡುತ್ತಿದ್ದರೆ, ಕನ್ವರ್ಟರ್ ಕರಗಿ ಮುಚ್ಚಿಕೊಂಡಿರಬಹುದು. ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿಹಾರಿಸದೆ ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದಾಗ ಹೀಗಾಗುತ್ತದೆ. ಅದನ್ನು ಕಿತ್ತಾಗ ಕಾರು ಹಾರಿದಂತೆ ಓಡುವುದು ಸಹಜ. ಆದರೆ ಅದು ಮರಳಿ ಬಂದ ಹಳೆಯ ಶಕ್ತಿ. ಹೊಸ ಕನ್ವರ್ಟರ್ ಹಾಕಿ, ಕಿಡಿಯ ದೋಷ ಸರಿಪಡಿಸಿದರೂ ಅಷ್ಟೇ ಸಿಗುತ್ತಿತ್ತು.

ಪಟಾಕಿ ಸದ್ದಿನ ಬೆಲೆ

ಆಕ್ಸಿಲರೇಟರ್ ಬಿಟ್ಟಾಗ ಇಂದಿನ ಕಾರುಗಳು ಪೆಟ್ರೋಲ್ ಪೂರೈಕೆಯನ್ನೇ ನಿಲ್ಲಿಸುತ್ತವೆ. ಇಳಿಜಾರಿನಲ್ಲಿ ಗೇರ್‌ನಲ್ಲಿರುವ ಕಾರು ಹನಿ ಇಂಧನವಿಲ್ಲದೆ ಸಾಗುವುದು ಹೀಗೆ. ‘ಪಾಪ್ಸ್ ಅಂಡ್ ಬ್ಯಾಂಗ್ಸ್’ ಎಂಬ ರೀಮ್ಯಾಪ್ ಈ ಉಳಿತಾಯವನ್ನು ತಲೆಕೆಳಗು ಮಾಡುತ್ತದೆ. ಕಾಲು ತೆಗೆದಾಗಲೂ ಇಂಧನ ಸುರಿಸಿ, ಕಿಡಿಯನ್ನು ಬೇಕೆಂದೇ ತಡ ಮಾಡಿ, ಅದು ಸಿಲಿಂಡರ್‌ನಿಂದಾಚೆ ಕೊಳವೆಯಲ್ಲಿ ಉರಿಯುವಂತೆ ಮಾಡುತ್ತದೆ. ಆ ಸಿಡಿತದ ಒಂದು ಕಣವೂ ಚಕ್ರ ತಿರುಗಿಸುವುದಿಲ್ಲ. ಬದಲಿಗೆ ಹೊಗೆಯ ಕವಾಟ, ಟರ್ಬೊ, ಕನ್ವರ್ಟರ್ ಮೂರೂ ಬೇಯುತ್ತವೆ. ಬೆಂಕಿ ಉಗುಳುವ ಕಾರು ಶಕ್ತಿಶಾಲಿ ಎಂಬ ಭಾವನೆ ಮೂಡಿಸುವ ವಿಡಿಯೊಗಳಲ್ಲಿ ಕಾಣುವುದು, ಎಂಜಿನ್ನಿಗೆ ಸಿಗದೆ ಹೋದ ಪೆಟ್ರೋಲ್.

ಡೀಸೆಲ್ ಕಾರಿನವರ ಸಂಕಟ

ಬಿಎಸ್6 (ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮ) ಡೀಸೆಲ್ ಕಾರಿನ ಮಾಲೀಕರ ದೂರು ಬೇರೆ ಬಗೆಯದು. ಅವರದ್ದು ಮೋಜಿನ ವಿಷಯವಲ್ಲ. 2020ರ ಏಪ್ರಿಲ್‌ನಿಂದ ಬಂದ ಈ ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 80 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡ್ ಬಿಡುವಂತಿಲ್ಲ. ಬಿಎಸ್4ರಲ್ಲಿ ಅದು 250 ಇತ್ತು. ಮಸಿ ಹಿಡಿಯಲು ಡಿಪಿಎಫ್ ಎಂಬ ಸೋಸುಕ ಬಂತು. ಸೋಸುಕದಲ್ಲಿ ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿಯಲ್ಲಿ ಸುಡಬೇಕು, ಅದಕ್ಕೆ ಹೆದ್ದಾರಿಯ ಓಟ ಬೇಕು. ದಿನಕ್ಕೆ ನಾಲ್ಕು ಕಿಲೋಮೀಟರ್ ತೆವಳುವ ಕಾರಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಶಕ್ತಿ ಕುಸಿಯುತ್ತದೆ, ಬಿಲ್ ದೊಡ್ಡದಾಗುತ್ತದೆ. ಆಗ ‘ಡಿಪಿಎಫ್ ತೆಗೆಸಿಬಿಡಿ’ ಎಂಬ ಸಲಹೆ ಆಕರ್ಷಕವಾಗಿ ಕೇಳುತ್ತದೆ. ಸಂಕಟ ನಿಜ. ಪರಿಹಾರ ಮಾತ್ರ ತಪ್ಪು. ವಾರಕ್ಕೊಮ್ಮೆ ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಬಹುಪಾಲು ಮಸಿ ತಾನೇ ಸುಟ್ಟುಹೋಗುತ್ತದೆ. ಕೇವಲ ನಗರದೊಳಗೆ ಓಡಾಡುವವರಿಗೆ ಡೀಸೆಲ್ ಕಾರು ಮಾರುವಾಗ ಇದನ್ನು ಬಿಡಿಸಿ ಹೇಳದಿರುವುದು ಮಾರಾಟಗಾರರ ತಪ್ಪು.

ಕಾನೂನು ಎಲ್ಲಿ ನಿಂತಿದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ 182ಎ ಸೆಕ್ಷನ್‌ನಲ್ಲಿ ಇಂತಹ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಸಾಧ್ಯ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮುರಿದರೆ 190(2)ರ ಅಡಿ 10,000 ರೂಪಾಯಿವರೆಗೆ ದಂಡವಿದೆ. ಒಂದೇ ಕಾರಿಗೆ ಹಲವು ಪ್ರಕರಣ ಸೇರಿ ದಂಡದ ಮೊತ್ತ ದೊಡ್ಡದಾಗುವುದು ಹೀಗೆ.

‘ನನ್ನ ಕಾರು ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ’ ಎಂಬುದು ಮತ್ತೊಂದು ಸಾಮಾನ್ಯ ವಾದ. ಆ ಪರೀಕ್ಷೆ ನಿಂತ ಪೆಟ್ರೋಲ್ ಕಾರಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು, ಡೀಸೆಲ್ ಕಾರಿನ ಹೊಗೆಯ ದಟ್ಟತೆಯನ್ನು ಅಳೆಯುತ್ತದೆ. ನೈಟ್ರೋಜನ್ ಆಕ್ಸೈಡನ್ನಾಗಲಿ ಶಬ್ದವನ್ನಾಗಲಿ ಅಳೆಯುವುದಿಲ್ಲ. ಶಬ್ದದ ಮಿತಿ ಹೊಸ ಮಾದರಿಗೆ ಅನುಮೋದನೆ ಕೊಡುವಾಗಲೇ ಪರೀಕ್ಷೆಯಾಗುತ್ತದೆ: ಕಾರಿಗೆ 74 ಡೆಸಿಬೆಲ್, ಏಳೂವರೆ ಮೀಟರ್ ದೂರದಿಂದ ಅಳೆದಾಗ. ಡೆಸಿಬೆಲ್ ಸಾಮಾನ್ಯ ಅಳತೆಯಂತಲ್ಲ. ಹತ್ತು ಏರಿದರೆ ಶಬ್ದಶಕ್ತಿ ಹತ್ತು ಪಟ್ಟು. ಮಫ್ಲರ್ ಕಿತ್ತ ಕಾರು 94 ಮುಟ್ಟಿದರೆ ಅದು ನೂರು ಕಾರುಗಳ ಶಬ್ದಶಕ್ತಿಯನ್ನು ಒಬ್ಬನೇ ಹೊರಹಾಕಿದಂತೆ. ವಸತಿ ಪ್ರದೇಶದಲ್ಲಿ ರಾತ್ರಿ ಇರಬೇಕಾದ ಮಿತಿ 45.

ಎರಡು ಕಡೆಯ ವಾದ

ಕಾರು ಪ್ರಿಯರ ಅಸಮಾಧಾನದಲ್ಲಿ ಹುರುಳಿಲ್ಲದೆ ಇಲ್ಲ. ರಸ್ತೆಯ ಮೇಲೆ ಡೆಸಿಬೆಲ್ ಮೀಟರ್ ಇಲ್ಲದೆ ಕಿವಿಯ ಅಂದಾಜಿನಲ್ಲಿ ದಂಡ ಹಾಕಿದರೆ ಅದು ನ್ಯಾಯವಾಗುವುದಿಲ್ಲ. ಕಂಪನಿಯಿಂದಲೇ ಗುಡುಗುವಂತೆ ಅನುಮೋದನೆ ಪಡೆದು ಬಂದ ದುಬಾರಿ ಕಾರಿಗೆ ಸಲಾಂ, ಹಳೆಯ ಸೆಡಾನ್‌ಗೆ ದಂಡ ಎಂಬ ತಾರತಮ್ಯವೂ ಕಣ್ಣಿಗೆ ಹೊಡೆಯುತ್ತದೆ. ಯುರೋಪಿನಲ್ಲಿ ಬದಲಿ ಸೈಲೆನ್ಸರಿಗೂ ಪ್ರತ್ಯೇಕ ಶಬ್ದ ಪರೀಕ್ಷೆ ಇದೆ. ಪಾಸಾದ ಸೈಲೆನ್ಸರಿನ ಮೇಲೆ ‘ಇ’ ಅಕ್ಷರದ ಮುದ್ರೆ ಇರುತ್ತದೆ, ಅದನ್ನು ಹಾಕಿಸಿಕೊಂಡವರು ನೆಮ್ಮದಿಯಿಂದ ಓಡಿಸಬಹುದು. ಇಲ್ಲಿಯೂ ಅಂತಹ ದಾರಿ ತೆರೆದರೆ ಒಳ್ಳೆಯ ಕುಶಲಕರ್ಮಿಗಳಿಗೆ ಗೌರವದ ಕೆಲಸ ಸಿಗುತ್ತದೆ, ಕಳಪೆ ಡಬ್ಬಿಗಳು ಮಾರುಕಟ್ಟೆಯಿಂದ ಸರಿಯುತ್ತವೆ. ನಿಜವಾದ ವೇಗ ಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ ಮತ್ತು ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್‌ಗಳು ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿವೆ. ಕರ್ನಾಟಕದಲ್ಲೇ ಅಂತಹ ಒಂದು ಸ್ಥಿರ ಟ್ರ್ಯಾಕ್ ಬೇಕೆಂಬ ಬೇಡಿಕೆ ನ್ಯಾಯವಾದದ್ದು.

ಆದರೆ ಅಂಗಡಿಯನ್ನು ಬಿಟ್ಟು ಸವಾರನನ್ನು ಮಾತ್ರ ಹಿಡಿಯುವ ಈಗಿನ ಪದ್ಧತಿ ಮುಂದುವರಿದರೆ ರೋಡ್ ರೋಲರ್ ಚಿತ್ರಗಳು ಬರುತ್ತಲೇ ಇರುತ್ತವೆ. ಪುಡಿಯಾದ ಒಂದರ ಜಾಗಕ್ಕೆ ಮರುದಿನವೇ ಇನ್ನೊಂದು ಬಿಲ್ ಸಹಿತ ಬರುತ್ತದೆ. ಮಾರುವ ಹಂತದಲ್ಲಿಯೇ ಶಬ್ದದ ಅಳತೆ ಪತ್ರ ಕಡ್ಡಾಯವಾಗಬೇಕು, ವಾರ್ಷಿಕ ಪರೀಕ್ಷೆಯಲ್ಲಿ ಕನ್ವರ್ಟರ್ ಮತ್ತು ಡಿಪಿಎಫ್ ಇವೆಯೇ ಎಂದು ಕಾರಿನಡಿ ಬಗ್ಗಿ ನೋಡುವ ಎರಡು ನಿಮಿಷದ ಕೆಲಸ ಸೇರಬೇಕು. ಅಲ್ಲಿಯವರೆಗೆ, ಹಾಕಿಸಬೇಕೆಂದು ಹೊರಟವರು ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಬಹುದು: 2500 ಆರ್‌ಪಿಎಮ್‌ನಲ್ಲಿ ಇದು ಎಷ್ಟು ಟಾರ್ಕ್ ಕೊಡುತ್ತದೆ ಎಂಬ ಡೈನೋ ನಕ್ಷೆ ಇದೆಯೇ? ಕಿತ್ತ ಕನ್ವರ್ಟರನ್ನು ಹಿಂದಕ್ಕೆ ಕೊಡುತ್ತೀರಾ? ರೋಡಿಯಂ ಲೇಪವಿರುವ ಆ ಡಬ್ಬಿಗೆ ಗುಜರಿಯಲ್ಲೂ ಒಳ್ಳೆಯ ಬೆಲೆಯಿದೆ.